ಒಂದೇ ಸ್ಟೇಷನ್, ಮೇನಲ್ಲಿ ಉಪ್ಪು, ಜುಲೈನಲ್ಲಿ ಸಿಹಿ: ಅಳಿವೆ ನೀರನ್ನ ಯಾವ ವರ್ಗಕ್ಕೆ ಹಾಕೋದು?

ಬಾತಿಗುಡ್ಡ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಪರಿಸರ ವಿಜ್ಞಾನ ಎಂಎಸ್ಸಿ, ಕೊನೇ ಸೆಮಿಸ್ಟರ್. ದಾವಣಗೆರೆಯಲ್ಲಿ ಕೂತ್ಕೊಂಡು ಸಮುದ್ರದ ಮೇಲೆ ಪ್ರಾಜೆಕ್ಟ್ ಯಾಕೆ ಅಂತ ಮಾತ್ರ ಕೇಳಬೇಡಿ. ಮನೇಲಿ ಕೇಳಿದ್ರು, ಹಾಸ್ಟೆಲ್‌ನಲ್ಲಿ ಕೇಳಿದ್ರು, ಕುಮಟಾ ಬಸ್ಸಿನ ಕಂಡಕ್ಟರೂ ಕೇಳಿ ಆಯ್ತು. ಕುಮಟಾದಲ್ಲಿ ಚಿಕ್ಕಮ್ಮನ ಮನೆ ಇದೆ, ಊಟ-ವಸತಿ ಖರ್ಚಿಲ್ಲ. ಸಂಶೋಧನೆಯ ಮೂಲ ಪ್ರೇರಣೆ ಅಷ್ಟೇ.

ವಿಷಯ ಅಘನಾಶಿನಿ ಅಳಿವೆ, ಅಂದ್ರೆ ಹೊಳೆ ಸಮುದ್ರ ಸೇರೋ ಜಾಗ. ತದಡಿ ಬಾಗಿಲಿನಿಂದ ಮಿರ್ಜಾನ್ ದಾಟಿ ದಿವಗಿ ಕಡೆಗೆ ಹೋಗೋ ದಾರಿಯಲ್ಲಿ ಕೆಲವು ಜಾಗ ಗುರುತು ಮಾಡ್ಕೊಂಡಿದೀನಿ. ಪ್ರತಿ ಕಡೆ ಲವಣಾಂಶ, ಉಷ್ಣಾಂಶ, ಕರಗಿದ ಆಮ್ಲಜನಕ ಅಳೆಯೋದು, ಜೊತೆಗೆ ಸೆಕ್ಕಿ ತಟ್ಟೆ ಇಳಿಸಿ ನೀರು ಎಷ್ಟು ತಿಳಿ ಇದೆ ಅಂತ ನೋಡೋದು. ಈ ಅಂಕಿ ಇಟ್ಕೊಂಡು ಜೀವಿಗಳ ಆವಾಸಗಳನ್ನ ವರ್ಗ ಮಾಡ್ಬೇಕು. ಗೈಡ್ ಹೇಳೋದು ಸರಳವಾಗಿದೆ: ವೆನಿಸ್ ಪಟ್ಟಿ ಹಾಕು, ಒಂದು ಸ್ಟೇಷನ್ನಿಗೆ ಒಂದು ಹೆಸರು ಕೊಡು, ಅಧ್ಯಾಯ ಮುಗಿಸು.

ಪಟ್ಟಿ ಗೊತ್ತಿಲ್ಲದವರಿಗೆ: ಲವಣಾಂಶ 0.5ರ ಒಳಗಿದ್ರೆ ಸಿಹಿನೀರು, 0.5ರಿಂದ 5 ಆಲಿಗೊಹೇಲೈನ್, 5ರಿಂದ 18 ಮೀಸೊಹೇಲೈನ್, 18ರಿಂದ 30 ಪಾಲಿಹೇಲೈನ್, 30ರಿಂದ 40 ಯೂಹೇಲೈನ್ ಅಂದ್ರೆ ಅಪ್ಪಟ ಸಮುದ್ರದ ನೀರು, 40ರ ಮೇಲೆ ಹೈಪರ್‌ಹೇಲೈನ್. ಒಂದು ಕೆಜಿ ನೀರಲ್ಲಿ ಎಷ್ಟು ಗ್ರಾಂ ಉಪ್ಪು ಕರಗಿದೆ ಅನ್ನೋ ಲೆಕ್ಕ ಅಂತ ಇಟ್ಕೊಳ್ಳಿ.

ನನ್ನ ತಲೆನೋವು ಮಧ್ಯದ ಸ್ಟೇಷನ್ನುಗಳದ್ದು. ಮಿರ್ಜಾನ್ ಆಸುಪಾಸಿನ ಒಂದು ಜಾಗ ಮೇನಲ್ಲಿ 30 ದಾಟುತ್ತೆ. ಜುಲೈನಲ್ಲಿ ಅದೇ ಕಂಬದ ಪಕ್ಕ ಬಾಟಲಿ ಮುಳುಗಿಸಿದ್ರೆ 1 ಕೂಡ ಬರಲ್ಲ. ಅಕ್ಟೋಬರಿನಲ್ಲಂತೂ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಎಲ್ಲಾ ಕೂಡಿಸಿ ಸರಾಸರಿ ತೆಗೆದ್ರೆ 17 ಚಿಲ್ಲರೆ, ಅಂದ್ರೆ ಮೀಸೊಹೇಲೈನ್. ಅದನ್ನೇ ಬರಿ ಅಂತಾರೆ ಗೈಡ್. ನನಗೆ ಮನಸ್ಸು ಒಪ್ತಿಲ್ಲ, ಆದ್ರೆ ಯಾಕೆ ಒಪ್ತಿಲ್ಲ ಅಂತ ಹೇಳೋಕೂ ಬರ್ತಿಲ್ಲ.

ಸರಾಸರಿ ಬರೀಬಹುದಾ? ಮೇಲಿನ ನೀರು ಲೆಕ್ಕಕ್ಕೆ ತಗೋಬೇಕಾ, ತಳದ್ದಾ? ವೆನಿಸ್ ಬಿಟ್ಟು ನಮ್ಮ ಕಡೆ ನದಿಗಳಿಗೆ ಹೊಂದೋ ಪದ್ಧತಿ ಬೇರೆ ಇದೆಯಾ? ಕೈಯಲ್ಲಿರೋದು ರಿಫ್ರಾಕ್ಟೋಮೀಟರ್ (ನೀರಲ್ಲಿ ಬೆಳಕು ಎಷ್ಟು ಬಾಗುತ್ತೆ ಅಂತ ನೋಡಿ ಲವಣಾಂಶ ಹೇಳೋ ಉಪಕರಣ) ಒಂದೇ. ಇಲಾಖೆಯ ಮೀಟರಿನ ಪ್ರೋಬ್ ಕೆಟ್ಟು ಬೀರುವಿನಲ್ಲಿ ಮಲಗಿದೆ.


ನಕ್ಷೆಗಾರ (ದಾವಣಗೆರೆ, ವಿದ್ಯಾನಗರ)

ನಿಮ್ಮ ಗೈಡ್ ಹೇಳೋದ್ರಲ್ಲಿ ತಪ್ಪೇನಿಲ್ಲ ಮೇಡಂ. ನಾನು ಜಿಐಎಸ್, ಅಂದ್ರೆ ಕಂಪ್ಯೂಟರ್ ನಕ್ಷೆ ಕೆಲಸದವನು. ಒಂದು ಪಾಲಿಗನ್‌ಗೆ (ನಕ್ಷೆಯಲ್ಲಿ ಗಡಿ ಹಾಕಿದ ತುಂಡಿಗೆ) ಒಂದು ಬಣ್ಣ, ಅದಿಲ್ದೇ ನಕ್ಷೆ ಆಗಲ್ಲ. ‘ಒಮ್ಮೆ ಹೀಗೆ, ಒಮ್ಮೆ ಹಾಗೆ’ ಅಂತ ಲೆಜೆಂಡ್‌ನಲ್ಲಿ ಬರೆದ್ರೆ ಅದನ್ನ ನೋಡೋ ಅಧಿಕಾರಿ ಏನ್ಮಾಡ್ಬೇಕು? ಸರ್ಕಾರವೇ ಹಂಗೆ ಮಾಡಿದೆ ನೋಡಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ, 2011ರದ್ದಾಗಲಿ 2019ರದ್ದಾಗಲಿ, ನದಿಯೊಳಗೆ ಉಬ್ಬರದ ಪ್ರಭಾವ ಎಲ್ಲೀತನಕ ಅನ್ನೋದಕ್ಕೆ ಲವಣಾಂಶ 5 ಅಂತ ಒಂದೇ ಅಂಕಿ ಹಿಡ್ಕೊಂಡಿದಾರೆ. ಮನೆ ಕಟ್ಟಬಹುದಾ ಬೇಡವಾ ಅನ್ನೋದು ಆ ಗೆರೆ ಮೇಲೆ ನಿಂತಿದೆ. ಅಷ್ಟು ದೊಡ್ಡ ವಿಷಯಕ್ಕೆ ಒಂದು ಅಂಕಿ ಸಾಕಾದ್ರೆ ಎಂಎಸ್ಸಿ ಅಧ್ಯಾಯಕ್ಕೆ ಸಾಲಲ್ವಾ?


ಮೆದೇಹಳ್ಳಿ ರಸ್ತೆ (ಚಿತ್ರದುರ್ಗ)

ಬಾತಿಗುಡ್ಡ, ಸರಾಸರಿ ಬರೀಬೇಡಮ್ಮ. ಗೈಡ್ ಮುನಿಸ್ಕೊಂಡ್ರೂ ಚಿಂತೆ ಇಲ್ಲ.

ನಾನು ಹುಟ್ಟಿ ಬೆಳೆದದ್ದು ಕೋಟೆ ಕೆಳಗೆ, ಹೊಟ್ಟೆಪಾಡಿಗೆ ಹೋಗಿದ್ದು ಕರಾವಳಿಗೆ. ಸರ್ವೆ ದೋಣಿಯಲ್ಲಿ ನೀರಿನ ಸ್ಯಾಂಪಲ್ ಎತ್ತೋದು, ದಡಕ್ಕೆ ಬಂದು ಉಪ್ಪು ಎಷ್ಟಿದೆ ಅಂತ ತಿಳಿಯೋಕೆ ಸಿಲ್ವರ್ ನೈಟ್ರೇಟ್ ಹಾಕಿ ಟೈಟ್ರೇಷನ್ ಮಾಡೋದು, ನಿವೃತ್ತಿ ಆಗೋವರೆಗೂ ಅದೇ ಕಸುಬು. ಆ ದ್ರಾವಣ ಬೆರಳಿಗೆ ತಾಗಿದ್ರೆ ಚರ್ಮ ಕಪ್ಪಾಗುತ್ತೆ, ಸೋಪು ಹಾಕಿ ತಿಕ್ಕಿದ್ರೂ ಹೋಗಲ್ಲ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಪಕ್ಕದವರು ನನ್ನ ಕೈಯನ್ನೇ ನೋಡೋರು.

ಮೊದಲು ಆಳದ ಸರಾಸರಿ ಯಾಕೆ ಕೂಡದು ಅಂತ ಹೇಳ್ತೀನಿ. ಮಳೆಗಾಲದ ಅಳಿವೆ ಒಂದನ್ನ ಕಣ್ಮುಂದೆ ತಂದ್ಕೋ. ದೋಣಿ ನಿಲ್ಲಿಸಿ ನಿಸ್ಕಿನ್ ಬಾಟಲಿ ಇಳಿಸ್ತೀವಿ. ಎರಡೂ ಕಡೆ ಬಾಯಿ ತೆರೆದಿರೋ ಕೊಳವೆ ಅದು. ಬೇಕಾದ ಆಳ ಮುಟ್ಟಿದ ಮೇಲೆ ಹಗ್ಗದ ಗುಂಟ ಲೋಹದ ತೂಕ ಬಿಡಬೇಕು. ಅದು ಜಾರಿ ಹೋಗಿ ಬಡಿದಾಗ ಮುಚ್ಚಳ ಕೂಡ್ಕೊಳ್ಳುತ್ತೆ, ಹಗ್ಗ ಹಿಡಿದ ಕೈಗೆ ಸಣ್ಣಗೆ ‘ಟಕ್’ ಅಂತ ಗೊತ್ತಾಗುತ್ತೆ. ಮೇಲಿನ ನೀರು ಕೆಂಪು, ಘಟ್ಟದ ಮಣ್ಣಿನದು, ಲವಣಾಂಶ 6 ಅಂದ್ಕೋ. ತಳದಿಂದ ಬಂದ ಬಾಟಲಿ ನಲ್ಲಿ ಬಿಟ್ರೆ ಬರೋದು ತಿಳಿ ಹಸಿರು, 31. ಮೋಟಾರ್ ಚಾಲೂ ಮಾಡಿದಾಗ ದೋಣಿ ಹಿಂದೆ ಕೆಂಪು ಪದರ ಸೀಳಿಕೊಂಡು ಆ ಹಸಿರು ಮೇಲೆದ್ದು ಬರೋದು ಬರಿಗಣ್ಣಿಗೇ ಕಾಣುತ್ತೆ. ಈಗ 6 ಮತ್ತು 31ರ ಸರಾಸರಿ ತೆಗಿ: 18.5. ಪಟ್ಟಿ ಪ್ರಕಾರ ಪಾಲಿಹೇಲೈನ್. ಆ ಜಾಗದಲ್ಲಿ ಪಾಲಿಹೇಲೈನ್ ನೀರು ಎಲ್ಲಿದೆ ತೋರಿಸು? ಮೇಲಿರೋದು ಮೀಸೊಹೇಲೈನ್, ಕೆಳಗಿರೋದು ಯೂಹೇಲೈನ್. ನಡುವಿನ ತೆಳು ಪದರ ಬಿಟ್ರೆ 18.5 ಅನ್ನೋ ನೀರು ಅಲ್ಲಿಲ್ಲ. ಕೆಸರಲ್ಲಿ ಹುದುಗಿ ಕೂತಿರೋ ಬಳಚನ್ನ (ಎರಡು ಚಿಪ್ಪಿನ ಜೀವಿ) ಅದು ಮುಟ್ಟೇ ಇಲ್ಲ. ಇಲ್ಲದ ನೀರಿಗೆ ನಾಮಕರಣ ಮಾಡ್ದಂಗಾಯ್ತು.

ಕಾಲದ ಸರಾಸರಿಯದ್ದೂ ಇದೇ ಕತೆ. ನಿನ್ನ ಮಿರ್ಜಾನ್ ಸ್ಟೇಷನ್ನು ವರ್ಷದಲ್ಲಿ ಎಷ್ಟು ಹೊತ್ತು 17ರಲ್ಲಿರುತ್ತೆ? ಮುಂಗಾರು ಶುರುವಾದಾಗ ಅದನ್ನ ದಾಟ್ಕೊಂಡು ಕೆಳಗೆ ಹೋಗುತ್ತೆ, ಮಳೆ ನಿಂತ ಮೇಲೆ ದಾಟ್ಕೊಂಡು ಮೇಲೆ ಬರುತ್ತೆ. ಬೇರೆ ದಿನಗಳಲ್ಲಿ ಆ ಅಂಕಿ ಹತ್ರವೂ ಸುಳಿಯಲ್ಲ.

ಹಂಗಾದ್ರೆ ವೆನಿಸ್ ಪಟ್ಟಿ ಮಾಡಿದವರಿಗೆ ಇದು ಗೊತ್ತಿರ್ಲಿಲ್ವಾ? ಗೊತ್ತಿತ್ತು. ಆದ್ರೆ ಅವರ ಕಣ್ಣಮುಂದೆ ಇದ್ದ ನೀರು ಬೇರೆ. 1958ರಲ್ಲಿ ವೆನಿಸ್‌ನಲ್ಲಿ ಸಭೆ ಸೇರಿ ಒಪ್ಪಿಕೊಂಡ ಪಟ್ಟಿ ಅದು. ಅದಕ್ಕೆ ಹಿಂದಿನ ಕೆಲಸ ಹೆಚ್ಚಾಗಿ ಯುರೋಪಿನದು, ಬಾಲ್ಟಿಕ್ ಸಮುದ್ರದ್ದು. ಬಾಲ್ಟಿಕ್‌ನಲ್ಲಿ ಉಬ್ಬರ-ಇಳಿತ ಇಲ್ಲ ಅನ್ನೋವಷ್ಟು ಕಡಿಮೆ. ಒಂದು ಕಡೆ ಲವಣಾಂಶ 7 ಅಂದ್ರೆ ಮುಂದಿನ ತಿಂಗಳು ಹೋದ್ರೂ ಹೆಚ್ಚು ಕಮ್ಮಿ ಅಷ್ಟೇ. ಅಡಾಲ್ಫ್ ರೆಮಾನೆ ಅನ್ನೋ ಜರ್ಮನ್ ಪ್ರಾಣಿಶಾಸ್ತ್ರಜ್ಞ 1934ರಲ್ಲಿ ಅಲ್ಲಿ ಒಂದು ಸಂಗತಿ ತೋರಿಸಿದ: ಸಿಹಿನೀರಿನ ಜೀವಿಗಳು ಉಪ್ಪು ಏರಿದಂಗೆ ಉದುರ್ತಾ ಹೋಗ್ತಾವೆ, ಸಮುದ್ರದ ಜೀವಿಗಳು ಉಪ್ಪು ಇಳಿದಂಗೆ ಉದುರ್ತಾವೆ, 5ರಿಂದ 8ರ ನಡುವೆ ಪ್ರಭೇದಗಳ ಸಂಖ್ಯೆ ಎಲ್ಲಕ್ಕಿಂತ ಕಡಿಮೆ. ಪಟ್ಟಿಯಲ್ಲಿ 5ಕ್ಕೆ ಒಂದು ಗೆರೆ ಬಿದ್ದಿರೋದು ಸುಮ್ಮನೆ ಅಲ್ಲ. ಅಲ್ಲಿ ನೀರಿನ ಹೆಸರು, ಜಾಗದ ಹೆಸರು ಎರಡೂ ಒಂದೇ ಆಗಿಬಿಡ್ತವೆ. ನಮ್ಮಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಮೇಲಿಂದ ನಾಲ್ಕು ತಿಂಗಳ ಮುಂಗಾರು. ಇಲ್ಲಿ ಪಟ್ಟಿಯ ಹೆಸರು ನೀರಿಗೆ ಅಂಟುತ್ತೆ, ಜಾಗಕ್ಕೆ ಅಂಟಲ್ಲ.

ಗೆರೆಗಳೂ ಕಲ್ಲಲ್ಲಿ ಕೊರೆದದ್ದೇನಲ್ಲ. 1993ರಲ್ಲಿ ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಜೀವಿಗಳು ಯಾವ್ಯಾವ ಲವಣಾಂಶದಲ್ಲಿ ಸಿಗ್ತವೆ ಅನ್ನೋದನ್ನೇ ಆಧಾರ ಮಾಡ್ಕೊಂಡು ಬಲ್ಜರ್ ಮತ್ತವರ ಜೊತೆಗಾರರು ವಲಯ ಮಾಡಿದ್ರು. ಬಂದದ್ದು 0–4, 2–14, 11–18, 16–27, 24ರಿಂದ ಸಮುದ್ರದವರೆಗೆ. ಗಮನಿಸಿದ್ಯಾ? ಒಂದರ ಮೇಲೊಂದು ಹತ್ತಿ ಕೂತಿವೆ. ಮೀನು ಏಡಿಗಳಿಗೆ ನಮ್ಮ ಕೋಷ್ಟಕದ ಗೆರೆ ಕಾಣಲ್ಲವಲ್ಲ.

ಈಗ ನಿನ್ನ ಮುಖ್ಯ ಪ್ರಶ್ನೆ, ಏನು ಬರೀಬೇಕು. ಹೆಸರನ್ನ ಎರಡು ತುಂಡು ಮಾಡು. ಬದಲಾಗದ್ದು ಒಂದು ಕಡೆ: ಅಳಿವೆಯೋ ತೆರೆದ ಸಮುದ್ರವೋ, ಇಳಿತದಲ್ಲಿ ಬಯಲಾಗೋ ಜಾಗವೋ ಸದಾ ಮುಳುಗಿರೋದೋ, ತಳ ಮರಳೋ ಕೆಸರೋ ಬಂಡೆಯೋ. ಬದಲಾಗೋದು ಇನ್ನೊಂದು ಕಡೆ: ಲವಣಾಂಶ, ಉಷ್ಣಾಂಶ, ಆಮ್ಲಜನಕ, ತಿಳಿತನ, ಪದರ. ಈ ಎರಡನೇ ಭಾಗಕ್ಕೆ ಯಾವ ಆಳ, ಯಾವ ತಿಂಗಳು, ಉಬ್ಬರವೋ ಇಳಿತವೋ ಅನ್ನೋದು ಸೇರಿರಲೇಬೇಕು. ಇದು ನನ್ನ ಮನೆ ಮದ್ದಲ್ಲ. ಅಮೆರಿಕದಲ್ಲಿ 1979ರ ಕೌವಾರ್ಡಿನ್ ಪದ್ಧತಿ ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಆಮೇಲೆ ಕರಾವಳಿ ಮತ್ತು ಸಮುದ್ರಕ್ಕೆ ಅಂತಲೇ 2012ರಲ್ಲಿ ಸಿಎಂಇಸಿಎಸ್ ಅನ್ನೋ ಮಾನದಂಡ ಬಂತು. ಅದರಲ್ಲಿ ನೀರಿನ ಸ್ತಂಭ, ನೆಲದ ರೂಪ, ತಳದ ವಸ್ತು, ಜೀವಿಗಳು ಅಂತ ನಾಲ್ಕು ಬೇರೆ ಬೇರೆ ಘಟಕ. ನೀರು ಬದಲಾದ್ರೆ ನೀರಿನ ಘಟಕದ ಹೆಸರು ಮಾತ್ರ ಬದಲಾಯಿಸ್ತೀಯ, ತಳದ ಹೆಸರು ಕೂತಲ್ಲೇ ಕೂತಿರುತ್ತೆ. ವೆನಿಸ್‌ನ 18–30ರ ಡಬ್ಬಿಯನ್ನೂ ಅವರು 25ಕ್ಕೆ ಕತ್ತರಿಸಿ ಎರಡು ಮಾಡಿದಾರೆ. ನಿನಗೆ ಅದು ಬೇಕಾಗಲ್ಲ ಬಿಡು.

ಉಷ್ಣಾಂಶದ ವರ್ಗಕ್ಕೆ ತಲೆ ಕೆಡಿಸ್ಕೋಬೇಡ. ನಮ್ಮ ಕರಾವಳಿ ನೀರು ವರ್ಷಪೂರ್ತಿ ಬೆಚ್ಚಗೇ ಇರುತ್ತೆ, ಹೆಚ್ಚುಕಮ್ಮಿ ಎಲ್ಲಾ ಸ್ಟೇಷನ್ನೂ ಒಂದೆರಡು ಡಬ್ಬಿಯಲ್ಲೇ ಬಂದು ಕೂರುತ್ತೆ. ಆದ್ರೆ ಆಗಸ್ಟ್–ಸೆಪ್ಟೆಂಬರಿನಲ್ಲಿ ಬಾಗಿಲ ಹೊರಗಿನ ತಳದ ನೀರನ್ನ ಬಿಡಬೇಡ. ಮುಂಗಾರಿನಲ್ಲಿ ಆಳದ ತಂಪು ನೀರು ದಡದ ಕಡೆ ಏರಿ ಬರುತ್ತೆ, ಅದರಲ್ಲಿ ಆಮ್ಲಜನಕ ಕಡಿಮೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದ್ರೆ ಬಹಳ ಜೀವಿಗಳಿಗೆ ಉಸಿರಾಟ ಕಷ್ಟ. ಅಲ್ಲಿ ಲವಣಾಂಶ ನೋಡಿ ಯೂಹೇಲೈನ್ ಅಂತ ಬರೆದು ಸುಮ್ಮನಾದ್ರೆ ಮುಖ್ಯ ಸಂಗತಿಯೇ ತಪ್ಪಿಹೋಗುತ್ತೆ.

ಪದರಕ್ಕೆ ಒಂದು ಸುಲಭದ ಅಂಕಿ ಇದೆ. ತಳದ ಲವಣಾಂಶದಿಂದ ಮೇಲಿನದ್ದು ಕಳಿ, ಎರಡರ ಸರಾಸರಿಯಿಂದ ಭಾಗಿಸು. 0.1ಕ್ಕಿಂತ ಕಡಿಮೆ ಬಂದ್ರೆ ಚೆನ್ನಾಗಿ ಬೆರೆತ ಅಳಿವೆ. 1966ರಲ್ಲಿ ಹ್ಯಾನ್ಸೆನ್ ಮತ್ತು ರ‍್ಯಾಟ್ರೇ ಮಾಡಿದ ಚಿತ್ರದಲ್ಲಿ ಆ ಗೆರೆ ಇದೆ. ಮೇಲಿನ ಉದಾಹರಣೆಗೆ 25 ಭಾಗ 18.5, ಅಂದ್ರೆ 1.35. ಬೆರೆತೇ ಇಲ್ಲ ಅಂತಾಯ್ತು. ಸಿಹಿನೀರು ಒಂದು ಘನ ಮೀಟರಿಗೆ ಸುಮಾರು 1000 ಕೆಜಿ, ಸಮುದ್ರದ್ದು ಸುಮಾರು 1025. ಆ 25 ಕೆಜಿ ವ್ಯತ್ಯಾಸ ಸಾಕು, ಒಂದರ ಮೇಲೊಂದು ಮಲಗೋಕೆ. ಕದಡಿ ಬೆರೆಸೋದು ಉಬ್ಬರದ ಕೆಲಸ. ಖಂಬಾತ್ ಕೊಲ್ಲಿಯಲ್ಲಿ ಉಬ್ಬರ-ಇಳಿತದ ವ್ಯತ್ಯಾಸ 10 ಮೀಟರ್ ಮೀರುತ್ತೆ. ನಮ್ಮ ಕಡೆ ಹುಣ್ಣಿಮೆ-ಅಮಾವಾಸ್ಯೆಗೂ ಸುಮಾರು 2 ಮೀಟರ್. ಹಾಗಾಗಿ ನದಿ ತುಂಬಿ ಬಂದಾಗ ನಮ್ಮ ಉಬ್ಬರಕ್ಕೆ ಅದನ್ನ ಬೆರೆಸೋ ತಾಕತ್ತಿಲ್ಲ. ಬೇಸಿಗೆಯಲ್ಲಿ ನದಿ ಸೊರಗಿದಾಗ ಅದೇ ಉಬ್ಬರ ಆರಾಮಾಗಿ ಬೆರೆಸುತ್ತೆ. ಒಂದೇ ಅಳಿವೆ ಎರಡು ಜಾತಿ. ಪುಸ್ತಕದಲ್ಲಿ ಇವನ್ನ ಬೇರೆ ಬೇರೆ ನದಿಗಳಿಗೆ ಉದಾಹರಣೆ ಕೊಟ್ಟಿರ್ತಾರೆ.

ನಕ್ಷೆಗಾರರಿಗೆ: ಸಿಆರ್‌ಝಡ್ ವಾಕ್ಯ ಪೂರ್ತಿ ಓದಿ ಸ್ವಾಮಿ. ಲವಣಾಂಶ 5, ‘ವರ್ಷದ ಅತ್ಯಂತ ಒಣ ಅವಧಿಯಲ್ಲಿ ಅಳೆದದ್ದು’ ಅಂತಿದೆ. ಕಾನೂನು ಕೂಡ ಬರೀ ಅಂಕಿ ಹೇಳಿ ಸುಮ್ಮನಾಗಿಲ್ಲ, ಯಾವಾಗಿನ ಅಂಕಿ ಅಂತ ಕಟ್ಟುಮಾಡಿದೆ. ನಾನು ಹೇಳ್ತಿರೋದೂ ಅದನ್ನೇ.


ಚಳ್ಳಕೆರೆ ಆರ್‌ಒ (ಚಳ್ಳಕೆರೆ)

ಅಣ್ಣಾರೆ, ನಾನು ಊರಾಗೆ ಶುದ್ಧ ನೀರಿನ ಘಟಕ ನೋಡ್ಕೊಳ್ಳೋನು. ನಿಮ್ಮ ಪಟ್ಟಿ ಓದಿ ತಲೆ ತಿರುಗ್ತು. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದ್ರೆ ಲೀಟರಿನಾಗೆ ಕರಗಿರೋ ಲವಣದ ಮಿಲಿಗ್ರಾಂ, 1500ರ ಮೇಲೈತೆ. ಸಾವಿರದಿಂದ ಭಾಗಿಸಿದ್ರೆ 1.5. ಅಂದ್ರೆ ಆಲಿಗೊಹೇಲೈನ್! ಮಶೀನಿನಿಂದ ಹೊರಗೆ ಬಿಡೋ ವೇಸ್ಟ್ ನೀರಂತೂ ಅದರ ದುಪ್ಪಟ್ಟು. ನಮ್ಮ ಘಟಕದ ಹಿಂದಿನ ಗಟಾರನೂ ಅಳಿವೆನಾ ಹಂಗಾದ್ರೆ? ಇನ್ನೊಂದು, ಐಮಂಗಲದ ಹತ್ರ ಮರಡಿಹಳ್ಳಿಯಾಗೆ ಸಮುದ್ರದ ಅಡಿಯ ಕಲ್ಲು ಐತೆ ಅಂತ ಬೋರ್ಡ್ ಹಾಕವ್ರೆ. ನಮ್ಮ ಬೋರಿನ ಉಪ್ಪು ಆ ಸಮುದ್ರದ್ದೇ ಇರಬೋದಾ? ತಮಾಷೆಗಲ್ಲ, ಕೇಳ್ತಿರೋದು.


ಮೆದೇಹಳ್ಳಿ ರಸ್ತೆ (ಚಿತ್ರದುರ್ಗ)

ತಮಾಷೆ ಅಲ್ಲವೇ ಅಲ್ಲ ತಮ್ಮ, ಪರೀಕ್ಷೆಯಲ್ಲಿ ಕೇಳಬೇಕಾದ ಪ್ರಶ್ನೆ.

ಸಮುದ್ರದ ಉಪ್ಪು ಎಲ್ಲಿ ಹೋದ್ರೂ ಒಂದೇ ಪಾಕ. ಉಪ್ಪಿನ ತೂಕದಲ್ಲಿ ನೂರಕ್ಕೆ ಕ್ಲೋರೈಡ್ ಸುಮಾರು 55 ಪಾಲು, ಸೋಡಿಯಂ ಸುಮಾರು 31, ಆಮೇಲೆ ಸಲ್ಫೇಟ್, ಮೆಗ್ನೀಸಿಯಂ. ಚಾಲೆಂಜರ್ ಹಡಗು ಲೋಕ ಸುತ್ತಿ ತಂದ ನೀರನ್ನ ವಿಶ್ಲೇಷಣೆ ಮಾಡಿ ಡಿಟ್ಮಾರ್ 1884ರಲ್ಲೇ ಇದನ್ನ ತೋರಿಸಿದ. ನೀರು ತೆಳುವಾದ್ರೂ ದಪ್ಪವಾದ್ರೂ ಅನುಪಾತ ಹೆಚ್ಚು ಬದಲಾಗಲ್ಲ. ಅದಕ್ಕೇ ಬರೀ ವಿದ್ಯುತ್ ವಾಹಕತೆ ಅಳೆದು ಲವಣಾಂಶ ಹೇಳೋಕೆ ಬರೋದು, 1978ರ ಲವಣಾಂಶ ಮಾಪಕ ನಿಂತಿರೋದೇ ಆ ನಂಬಿಕೆ ಮೇಲೆ, ಅದೂ 2ರಿಂದ 42ರವರೆಗೆ. ನಿನ್ನ ಬೋರಿನ ನೀರಿನ ಪಾಕ ಬೇರೆ. ಅದರಲ್ಲಿ ಬೈಕಾರ್ಬೊನೇಟ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಪಾಲು ದೊಡ್ಡದು, ನಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ ಕಾಟ ಬೇರೆ. ಅಂಕಿ 1.5 ಬಂದ ಮಾತ್ರಕ್ಕೆ ಅಳಿವೆಯ ಜೀವಿ ಅದರಲ್ಲಿ ಬದುಕಲ್ಲ. ಕೌವಾರ್ಡಿನ್ ಪದ್ಧತಿಯಲ್ಲಿ ಇದಕ್ಕಂತಲೇ ಎರಡು ಸಾಲು ಹೆಸರು ಇಟ್ಟಿದಾರೆ. ಸಮುದ್ರದಿಂದ ಬಂದ ಉಪ್ಪಿಗೆ ಆಲಿಗೊಹೇಲೈನ್, ಒಳನಾಡಿನ ಉಪ್ಪಿಗೆ ಆಲಿಗೊಸೇಲೈನ್. ನಿನ್ನ ಗಟಾರಕ್ಕೆ ಎರಡನೇದು ಕೊಡಬಹುದು.

ಮರಡಿಹಳ್ಳಿಯದ್ದು ನೀರಿನಡಿಯಲ್ಲಿ ಹರಿದು ದಿಂಬಿನ ಆಕಾರಕ್ಕೆ ಗಟ್ಟಿಯಾದ ಲಾವಾ, ಸುಮಾರು 250 ಕೋಟಿ ವರ್ಷದ್ದು ಅಂತಾರೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆ ನೀರು ಇನ್ನೂ ಕೆಳಗೆ ಕೂತಿರಲ್ಲಪ್ಪ. ನಮ್ಮ ಬೋರಿನ ಉಪ್ಪು ಕಲ್ಲು ಸವೆದು ಕರಗಿದ್ದು, ಮಳೆ ಕಡಿಮೆ ಬಿಸಿಲು ಜಾಸ್ತಿ ಇರೋ ಕಡೆ ಆವಿಯಾಗಿ ಆಗಿ ದಪ್ಪಗಾದದ್ದು. ಪಟ್ಟಿಯ ಕೆಳಗಿನ ಗೆರೆ 0.5 ಇದೆಯಲ್ಲ, ಅದು ಲೀಟರಿಗೆ 500 ಮಿಲಿಗ್ರಾಂ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಟಿಡಿಎಸ್‌ಗೆ ಹೇಳಿರೋ ಸ್ವೀಕಾರಾರ್ಹ ಮಿತಿಯೂ 500. ಒಂದಕ್ಕೊಂದು ಸಂಬಂಧ ಇಲ್ಲ, ನೆನಪಿಟ್ಕೊಳ್ಳೋಕೆ ಅನುಕೂಲ ಅಷ್ಟೇ.

ಬಾತಿಗುಡ್ಡ, ಇವರ ಕೈಲಿರೋ ಪೆನ್ನಿನಂಥ ಟಿಡಿಎಸ್ ಮೀಟರ್ ತಗೊಂಡು ತದಡಿಗೆ ಹೋಗಬೇಡ. ಅದು ವಾಹಕತೆ ಅಳೆದು ಒಂದು ಗುಣಾಕಾರ ಮಾಡಿ ತೋರಿಸುತ್ತೆ, ಸಾಮಾನ್ಯದ್ದು 9,990ಕ್ಕೆ ನಿಂತುಹೋಗುತ್ತೆ. ಸಮುದ್ರದ ನೀರು 35,000. ನಿನ್ನ ರಿಫ್ರಾಕ್ಟೋಮೀಟರಿನದ್ದು ಉಲ್ಟಾ ತೊಂದರೆ. ಅದರಲ್ಲಿ ಒಂದು ಗೀಟು ಆಚೀಚೆ ಸಹಜ, ಅಂದ್ರೆ 30ನ್ನ 31 ಅಂದ್ರೂ ನಡೆಯುತ್ತೆ, 0.5ರ ಗೆರೆ ಮಾತ್ರ ಅದರಲ್ಲಿ ಕಾಣಲ್ಲ. ಜುಲೈ ಸ್ಯಾಂಪಲ್ಲುಗಳನ್ನ ಬಾಟಲಿಯಲ್ಲಿ ತಂದು ಕಾಲೇಜು ಲ್ಯಾಬಿನಲ್ಲಿ ಕ್ಲೋರೈಡ್ ಟೈಟ್ರೇಷನ್ ಮಾಡು. ಇಟ್ಟಿಗೆ ಕೆಂಪು ಬಂದಾಗ ನಿಲ್ಲಿಸೋದು ಬಿಎಸ್ಸಿಯಲ್ಲೇ ಮಾಡಿರ್ತೀಯ. ಕೈಗವಸು ಹಾಕ್ಕೋ.


ಬಾತಿಗುಡ್ಡ (ದಾವಣಗೆರೆ)

ಸರ್, ತುಂಬಾ ತುಂಬಾ ಧನ್ಯವಾದ. 18.5ರ ಉದಾಹರಣೆ ಗೈಡ್‌ಗೆ ತೋರಿಸ್ದೆ. ಐದು ನಿಮಿಷ ಏನೂ ಮಾತಾಡ್ಲಿಲ್ಲ, ಆಮೇಲೆ ‘ಕೋಷ್ಟಕ ಉದ್ದ ಆಗುತ್ತಲ್ಲ’ ಅಂದ್ರು. ಒಪ್ಪಿದಂಗೇ ಲೆಕ್ಕ.

ನೀವು ಹೇಳಿದ್ದು ಓದ್ತಿದ್ದಂಗೆ ಚಿಕ್ಕಮ್ಮನ ಪಕ್ಕದ ಮನೆಯವರ ಗಜನಿ (ಅಳಿವೆ ದಡದ ಉಪ್ಪುನೀರಿನ ಗದ್ದೆ) ನೆನಪಾಯ್ತು. ಮಳೆಗಾಲದಲ್ಲಿ ಅದರಲ್ಲಿ ಉಪ್ಪು ತಡೆಯೋ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆ ನೀರು ಬಿಟ್ಟು ಸಿಗಡಿ, ಮೀನು. ಯಾವಾಗ ಜಂತ್ರಡಿ (ನೀರು ಬಿಡೋ ತೂಬು) ಹಲಗೆ ತೆಗೀಬೇಕು, ಯಾವಾಗ ಹಾಕ್ಬೇಕು ಅಂತ ಅವರಿಗೆ ಮೀಟರ್ ಇಲ್ದೇ ಗೊತ್ತು.

ಇನ್ನೆರಡು ಪ್ರಶ್ನೆ. ಡಿಸೆಂಬರಿನಲ್ಲಿ ಮಳೆ ನಿಂತು ಎಷ್ಟೋ ದಿನ ಆಗಿದ್ರೂ ತದಡಿ ಬಾಗಿಲ ಹೊರಗೆ ಮೇ ತಿಂಗಳಷ್ಟು ಬರ್ತಿಲ್ಲ. ರಿಫ್ರಾಕ್ಟೋಮೀಟರನ್ನ ಡಿಸ್ಟಿಲ್ಡ್ ನೀರಿಗೆ ಸೊನ್ನೆ ಮಾಡಿ ನೋಡಿದೀನಿ, ಸರಿಯಾಗೇ ಇದೆ. ಮತ್ತೆ, ಹೋಲಿಕೆಗೆ ಹೊನ್ನಾವರದ ಶರಾವತಿ ಅಳಿವೆ ತಗೋಬಹುದಾ?


ಮೆದೇಹಳ್ಳಿ ರಸ್ತೆ (ಚಿತ್ರದುರ್ಗ)

ಡಿಸೆಂಬರಿನದ್ದು ಸರಿಯಾಗೇ ಇದೆ, ನಿನ್ನ ಉಪಕರಣವನ್ನ ಬೈಬೇಡ. ಚಳಿಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ಉತ್ತರಕ್ಕೆ ಹರಿಯುತ್ತೆ. ಅದರ ಜೊತೆ ಬರೋದು ಬಂಗಾಳ ಕೊಲ್ಲಿಯ ನೀರು, ಶ್ರೀಲಂಕಾ ಸುತ್ತಿ ಬಂದದ್ದು. ಗಂಗೆ, ಬ್ರಹ್ಮಪುತ್ರ, ಗೋದಾವರಿ, ಕೃಷ್ಣಾ ಎಲ್ಲಾ ಆ ಕೊಲ್ಲಿಗೆ ಬೀಳೋದ್ರಿಂದ ಅರಬ್ಬಿ ಸಮುದ್ರಕ್ಕಿಂತ ಅಲ್ಲಿ ಉಪ್ಪು ಕಡಿಮೆ. ನಮ್ಮ ಹರಿಹರದ ಸೇತುವೆ ಕೆಳಗೆ ಹೋಗೋ ತುಂಗಭದ್ರೆ ಕೃಷ್ಣೆ ಸೇರಿ ಹಂಸಲದೀವಿ ಕಡೆ ಸಮುದ್ರಕ್ಕೆ ಬೀಳೋದು ತಾನೇ? ಪಶ್ಚಿಮ ಘಟ್ಟದಲ್ಲಿ ಹುಟ್ಟಿದ ನೀರು ಪೂರ್ವಕ್ಕೆ ಹೋಗಿ, ಲಂಕೆ ಸುತ್ತಿ, ಅದೇ ಘಟ್ಟದ ಬುಡಕ್ಕೆ ಬರೋ ದಾರಿ ಅದು. ದಾವಣಗೆರೆಯವಳಿಗೆ ಸಮುದ್ರ ಯಾಕೆ ಅಂತ ಕಂಡಕ್ಟರ್ ಮತ್ತೆ ಕೇಳಿದ್ರೆ ಇದನ್ನ ಹೇಳು. ವರದಿಯಲ್ಲಿ ಬಾಗಿಲ ಹೊರಗಿನ ಸ್ಟೇಷನ್ನಿಗೆ ಡಿಸೆಂಬರ್‌ನಲ್ಲೂ ಮೇನಲ್ಲೂ ಯೂಹೇಲೈನ್ ಅಂತಲೇ ಬರುತ್ತೆ. ಆದ್ರೆ ಎರಡೂ ಬೇರೆ ನೀರು. ಡಬ್ಬಿಯ ಹೆಸರಿನ ಪಕ್ಕ ಅಂಕಿಯನ್ನೂ ಬರಿ ಅನ್ನೋದು ಅದಕ್ಕೇ.

ಶರಾವತಿ ಖಂಡಿತ ತಗೋ, ಇದಕ್ಕಿಂತ ಒಳ್ಳೇ ಜೋಡಿ ಸಿಗಲ್ಲ. ಅದೇ ಸಮುದ್ರ, ಅದೇ ಉಬ್ಬರ, ಅದೇ ಮಳೆ, ಪಕ್ಕದ ಹೊಳೆ. ಅಘನಾಶಿನಿಗೆ ಅಣೆಕಟ್ಟಿಲ್ಲ, ಬೇಸಿಗೆಯಲ್ಲಿ ಹೊಳೆ ಸೊರಗುತ್ತೆ, ಸಮುದ್ರ ಒಳಗೆ ನುಗ್ಗುತ್ತೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಆಮೇಲೆ ಗೇರುಸೊಪ್ಪ. ಕರೆಂಟ್ ತೆಗೆದ ನೀರು ಬೇಸಿಗೆಯಲ್ಲೂ ಕೆಳಗೆ ಬರ್ತಾನೇ ಇರುತ್ತೆ, ಹಾಗಾಗಿ ಅಳಿವೆಯಲ್ಲಿ ಲವಣಾಂಶ ಏರಬೇಕಾದಷ್ಟು ಏರಲ್ಲ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಗಂಡಸರು ದೋಣಿಗಟ್ಟಲೆ ಬಳಚು ತೆಗೀತಾರೆ. ಶರಾವತಿಯಲ್ಲಿ ಆ ಸಮೃದ್ಧಿ ಇಲ್ಲ. ನೆಲ, ಕೆಸರು, ಉಬ್ಬರ ಮಾತ್ರ ನೋಡಿ ವರ್ಗ ಮಾಡಿದ್ರೆ ಎರಡೂ ಒಂದೇ ಸಾಲಲ್ಲಿ ಬರ್ತವೆ. ಮೇ ತಿಂಗಳ ಲವಣಾಂಶದ ಕಾಲಂ ಹಾಕಿದ ತಕ್ಷಣ ಬೇರೆ ಆಗ್ತವೆ. 2024ರಲ್ಲಿ ಅಘನಾಶಿನಿಗೆ ರಾಮ್ಸಾರ್ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಪಟ್ಟ ಸಿಕ್ಕಿದ್ದನ್ನ ಪೀಠಿಕೆಯಲ್ಲಿ ಬರಿ. ಪರೀಕ್ಷಕರಿಗೆ ಇಷ್ಟ ಆಗುತ್ತೆ.


ನಕ್ಷೆಗಾರ (ದಾವಣಗೆರೆ, ವಿದ್ಯಾನಗರ)

‘ಒಣ ಅವಧಿ’ ವಿಷಯ ಒಪ್ಪಿದೆ ಸರ್. ಆದ್ರೂ ಬಣ್ಣದ ಸಮಸ್ಯೆ ಹಂಗೇ ಇದೆಯಲ್ಲ. ಮೇಡಂ, ಹೀಗೆ ಮಾಡಿ: ಪಾಲಿಗನ್ ಗಡಿ ತಳದ್ದು, ಅದು ಅಲ್ಲಾಡಲ್ಲ. ಒಳಗಿನ ಬಣ್ಣ ಮೇ ತಿಂಗಳ ತಳದ ಲವಣಾಂಶ, ಅದರ ಮೇಲೆ ಓರೆ ಗೆರೆಗಳು ಜುಲೈನದ್ದು. ಬಣ್ಣ ಒಂದು, ಗೆರೆ ಇನ್ನೊಂದು ವರ್ಗದ್ದಾಗಿದ್ರೆ ಅಲ್ಲಿ ನೀರು ತಿರುಗುತ್ತೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಶೇಪ್‌ಫೈಲ್ ಕಳಿಸಿದ್ರೆ ನಾನೇ ಮಾಡಿ ಕೊಡ್ತೀನಿ, ಭಾನುವಾರ ಖಾಲಿ ಇರ್ತೀನಿ. ಗೈಡ್‌ಗೂ ಕೋಷ್ಟಕ ಉದ್ದ ಆಗೋ ಭಯ ಇರಲ್ಲ.


ಬಾತಿಗುಡ್ಡ (ದಾವಣಗೆರೆ)

ಸರ್, ಇದು ಸೂಪರ್, ಇವತ್ತೇ ಕಳಿಸ್ತೀನಿ. ಮೆದೇಹಳ್ಳಿ ಸರ್, ಅಕ್ಟೋಬರಿನ ಬೆಳಿಗ್ಗೆ-ಮಧ್ಯಾಹ್ನದ ಅಂಕಿಗಳನ್ನ ಏನ್ಮಾಡ್ಲಿ? ಆಗ ಉಬ್ಬರ ಇತ್ತೋ ಇಳಿತ ಇತ್ತೋ ಬರ್ಕೊಂಡಿಲ್ಲ, ಗಡಿಯಾರದ ಹೊತ್ತು ಮಾತ್ರ ಇದೆ.


ಮೆದೇಹಳ್ಳಿ ರಸ್ತೆ (ಚಿತ್ರದುರ್ಗ)

ಹೊತ್ತು ಇದ್ರೆ ಸಾಕು. ಸರ್ವೆ ಆಫ್ ಇಂಡಿಯಾದ ಉಬ್ಬರ ಪಟ್ಟಿಯಲ್ಲಿ ಕಾರವಾರದ್ದು ತೆಗೆದು ಆ ತಾರೀಖಿನ ಉಬ್ಬರದ ಗಂಟೆ ನೋಡು. ತದಡಿ ಬಾಗಿಲಿಗೆ ಅದನ್ನೇ ಹಿಡಿಯಬಹುದು. ಮಿರ್ಜಾನ್ ತನಕ ನೀರು ಏರೋಕೆ ಇನ್ನಷ್ಟು ತಡ ಆಗುತ್ತೆ, ಎಷ್ಟು ಅಂತ ಅಲ್ಲಿನ ದೋಣಿಯವರನ್ನ ಕೇಳಿ ಕೂಡಿಸ್ಕೋ. ಅಂಕಿಗಳನ್ನ ಉಬ್ಬರದಿಂದ ಎಷ್ಟು ಗಂಟೆ ಮುಂಚೆ, ಎಷ್ಟು ಗಂಟೆ ಆಮೇಲೆ ಅಂತ ಜೋಡಿಸಿದ್ರೆ ಬೆಳಿಗ್ಗೆ-ಮಧ್ಯಾಹ್ನದ ಜಗಳ ಮುಗಿಯುತ್ತೆ. ಮುಂದಿನ ಸಲ ಹೋದಾಗ ಒಂದೇ ಸ್ಟೇಷನ್ನಿನಲ್ಲಿ ಉಬ್ಬರದಿಂದ ಇಳಿತದವರೆಗೆ ಕೂತು ಗಂಟೆಗೊಂದು ಬಾಟಲಿ ಎತ್ತು, ಮೇಲಿನದ್ದೂ ತಳದ್ದೂ. ಟೋಪಿ ಮರೀಬೇಡ, ಕುಡಿಯೋ ನೀರು ದೋಣಿಯಲ್ಲಿ ಯಾರೂ ಇಟ್ಟಿರಲ್ಲ.